ಸೀಟಿಗೆ ಕಟ್ಟಿದ ಟವೆಲ್

ಭೂದೇವಿಯಕ್ಕನನ್ನು ನಾನು ಮೊದಲು ನೋಡಿದ್ದು ನಾರಾಯಣಖೇಡದ ಮೀಸೇವಾ ಕೇಂದ್ರದಲ್ಲಿ. ಅಲ್ಲಿ ಜನರ ಸರ್ಕಾರಿ ಅರ್ಜಿ ತುಂಬುವ ಕೆಲಸಕ್ಕೆ ನಾನು ಸೇರಿ ಎರಡು ತಿಂಗಳಾಗಿತ್ತು. ಅಕ್ಕ ಹಸಿರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದರು. ಟಿಫಿನ್ ಡಬ್ಬಿಯಿಂದ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಕಾರ್ಡಿಗೆ ಉಪ್ಪಿನಕಾಯಿಯ ವಾಸನೆಯಿತ್ತು.

"ಲೈಸೆನ್ಸ್ ಮಾಡ್ಸಬೇಕಾಗ್ಯದ ತಮ್ಮಾ."

"ಸ್ಕೂಟಿಗೇನ್ರಿ ಅಕ್ಕಾ?"

"ಸ್ಕೂಟಿ ನನಗ ಬರಲ್ಲ. ಟ್ರ್ಯಾಕ್ಟರಿಗಿ."

ಸಿರ್ಗಾಪುರದ ಹತ್ತಿರದ ಊರಿನ ಪಂಚಾಯಿತಿಯಲ್ಲಿ ಅವರು ಕಸ ಗುಡಿಸುತ್ತಿದ್ದರು. ಕಸದ ಟ್ರ್ಯಾಕ್ಟರಿನ ಡ್ರೈವರ್ ಕೆಲಸ ಬಿಟ್ಟು ಕರಣಕೋಟಕ್ಕೆ ಹೋಗಿದ್ದ. ಅಣ್ಣ ದೇವಿದಾಸನ ಜೊತೆ ಎಂಟು ಹಂಗಾಮು ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ್ದ ಅಕ್ಕ ಆ ಕೆಲಸ ಕೇಳಿದ್ದರು. "ಸಂಕ್ರಾಂತಿ ತನಕ ಕಾಯ್ತೀನಿ. ಲೈಸೆನ್ಸ್ ತೋರ್ಸಿ ಚಾವಿ ಒಯ್ಯಿ. ಇಲ್ಲಂದ್ರ ಬ್ಯಾರೆಯವರು," ಎಂದಿದ್ದರು ಕಾರ್ಯದರ್ಶಿ ಅಮರನಾಥ.

ವಿಳಾಸ, ವಯಸ್ಸಿನ ದಾಖಲೆ ಸೇರಿಸಿ ಅರ್ಜಿ ಹಾಕಿದೆ. ರಸ್ತೆ ಚಿಹ್ನೆಗಳ ಪರೀಕ್ಷೆ ಪಾಸಾಗಿ ಕಲಿಕಾ ಲೈಸೆನ್ಸ್ ಬಂತು. ತಿಂಗಳು ಕಾದು, ಓಡಿಸಿ ತೋರಿಸಲು ಜಹೀರಾಬಾದಿನ ಆರ್‌ಟಿಒ ಕಚೇರಿಗೆ ಹೋದೆವು.

ಕಬ್ಬು ಹೇರಿದ ಟ್ರಾಲಿಯನ್ನು ಹಿಂದಕ್ಕೆ ತೆಗೆಯುವವರು ಎದ್ದು ನಿಂತು, ಪಕ್ಕಕ್ಕೆ ಬಾಗಿ ನೋಡುತ್ತಾರೆ. ಕೂತರೆ ಹೇರಿನಾಚೆ ಏನೂ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಗೂಟ ನೆಟ್ಟ ದಾರಿಯಲ್ಲಿ ಹಿಂದಕ್ಕೆ ತೆಗೆಯುವಾಗ, ಟ್ರಾಲಿ ಖಾಲಿಯಿದ್ದರೂ ಅಕ್ಕ ಹಾಗೆಯೇ ಎದ್ದು ನಿಂತರು. ಗೆರೆ ತುಳಿಯಲಿಲ್ಲ, ಒಂದು ಗೂಟವೂ ಬೀಳಲಿಲ್ಲ. ಆದರೆ ಸೀಟು ಬಿಟ್ಟು ಏಳಬಾರದು ಎಂದು ಅಧಿಕಾರಿ ಫೇಲ್ ಮಾಡಿದರು. ಮತ್ತೆ ಪರೀಕ್ಷೆಗೆ ವಾರ ಕಾಯಬೇಕು. ಸಂಕ್ರಾಂತಿಗೆ ಹತ್ತೇ ದಿನವಿತ್ತು.

"ಎಲ್ಲಾ ಬರ್ತದ ತಮ್ಮಾ, ಕುಂದ್ರಾದೊಂದೇ ಬರಲ್ಲ ನೋಡು," ಎಂದು ಅಕ್ಕ ನಿಟ್ಟುಸಿರು ಬಿಟ್ಟರು.

"ಸೀಟಿಗಿ ಮೊಳಿ ಹೊಡಿತೀನಿ ಬಾ," ಎಂದ ಜೊತೆಗೆ ಬಂದಿದ್ದ ದೇವಿದಾಸ.

ಮೊಳೆಯ ಬದಲು ಟವೆಲ್ ಬಂತು. ಸೊಂಟವನ್ನು ಸೀಟಿಗೆ ಕಟ್ಟಿಕೊಂಡು ಅಕ್ಕ ವಾರವಿಡೀ ಕಣದಲ್ಲಿ ಟ್ರಾಲಿ ಹಿಂದಕ್ಕೆ ತೆಗೆದರು. ಎದ್ದಾಗಲೆಲ್ಲ ಗಂಟು ಎಳೆದು ಕೂರಿಸುತ್ತಿತ್ತು. ಪರೀಕ್ಷೆಗೂ ಹಾಗೆಯೇ ಕಟ್ಟಿಕೊಂಡು ಬಂದರು.

"ಇದೇನಮ್ಮಾ?" ಅಧಿಕಾರಿ ತೆಲುಗಿನಲ್ಲಿ ಕೇಳಿದರು.

"ಸೀಟ್ ಬೆಲ್ಟ್ ರೀ ಸರ್."

ಅಧಿಕಾರಿ ನಕ್ಕರು. ಆದರೆ ಬಿಚ್ಚಿ ಓಡಿಸಲು ಹೇಳಿದರು.

ಅಕ್ಕ ಟವೆಲ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಟ್ರಾಲಿ ಹಿಂದಕ್ಕೆ ಸರಿಯತೊಡಗಿತು. ತಿರುವಿನಲ್ಲಿ ಅವರ ಮೈ ಒಂದಿಷ್ಟು ಮೇಲೆದ್ದಂತೆ ಕಂಡಿತು. ಅವರ ಎಡಗೈ ಸೊಂಟದ ಮೇಲೆ, ಗಂಟಿದ್ದ ಜಾಗಕ್ಕೆ ಹೋಯಿತು. ಏಳಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ, ಪಾಸಾದ ಕಾಗದ ನೋಡಿ ಅಮರನಾಥ ಚಾವಿ ಕೊಟ್ಟರು.

ಈಗ ಭೂದೇವಿಯಕ್ಕ ಬೆಳಿಗ್ಗೆ ಪಂಚಾಯಿತಿಯ ಟ್ರ್ಯಾಕ್ಟರಿನಲ್ಲಿ ಊರಿನ ಕಸ ಸಾಗಿಸುತ್ತಾರೆ, ಮಧ್ಯಾಹ್ನ ಟ್ಯಾಂಕರ್ ಜೋಡಿಸಿ ರಸ್ತೆ ಬದಿಯ ಸಸಿಗಳಿಗೆ ನೀರು ಹಾಕುತ್ತಾರೆ.