ತಾತನ ಫೋಟೋ ಹಿಂದಿನ ಕೊಕ್ಕರೆ

ಮನೆಯಲ್ಲೇ ಸ್ಕ್ಯಾನರ್ ರಿಪೇರಿಗೆ ಕೂರುವ ಧೀರರೇ, ಧೀರೆಯರೇ, ಸಭೆಗೆ ನಮಸ್ಕಾರ. ಸ್ಕ್ಯಾನರ್ ಗಾಜಿನ ಒಳಮೈಗೆ ಕವಿದ ಮಬ್ಬನ್ನು ಒರೆಸುವ ವಿಧಾನ ಸರಳ. ಮೊದಲು ಸ್ಕ್ರೂ ಬಿಚ್ಚಿ, ಧೂಳಿಗೆ ಬಾಯಿ ಮುಚ್ಚಿ.

ಗಾಜು ಎತ್ತಿದ್ದೇ ತಡ, ಅಲ್ಲಾಳಸಂದ್ರದ ನಮ್ಮ ಹಳೇ ಮನೆಯ ಜಗಲಿ ಕಣ್ಣ ಮುಂದೆ ಬಂತು. ಮಹಾಲಯ ಅಮಾವಾಸ್ಯೆ ಹತ್ತಿರವಾದರೆ ಅಪ್ಪ ತಾತನ ಫೋಟೋ ಇಳಿಸಿ, ಕಟ್ಟು ಬಿಚ್ಚಿ, ಗಾಜನ್ನು ವಿಭೂತಿ ಹಾಕಿ ಉಜ್ಜುತ್ತಿದ್ದರು. ಮೊಳೆ ಹಿಡಿದುಕೊಳ್ಳುವ ಕೆಲಸ ನನ್ನದು. ಒಂದು ಸಲ ಫೋಟೋ ಹಿಂದಿನಿಂದ ಮಡಚಿದ ಹಾಳೆಯೊಂದು ಬಿತ್ತು. ಬಿಡಿಸಿದೆ.

'ಜಕ್ಕೂರು ಕೆರೆಗೆ ಕೊಕ್ಕರೆ ಬಂತು, ಒಂದೇ ಕಾಲಲಿ ತಪಸಿಗೆ ನಿಂತು.'

ನನ್ನದೇ ಪದ್ಯ, ನನ್ನದೇ ಅಕ್ಷರ. ಮಕ್ಕಳ ಪತ್ರಿಕೆಗೆ ಕಳಿಸಿ ಎಂದು ಅಪ್ಪನ ಕೈಗೆ ಕೊಟ್ಟಿದ್ದೆ. "ಆವತ್ತೇ ಪೋಸ್ಟ್ ಮಾಡ್ದೆ ಕಣೋ" ಎಂದಿದ್ದರು. ವರ್ಷವಿಡೀ ಕಟಿಂಗ್ ಅಂಗಡಿಗೆ ಬಂದ ಪ್ರತಿ ಸಂಚಿಕೆಯಲ್ಲೂ ನನ್ನ ಹೆಸರು ಹುಡುಕಿದ್ದೆ.

"ಗಾಜು ಅಲ್ಲಾಡ್ತಿತ್ತು ಕಣೋ. ನಿಂದು ಒಳ್ಳೆ ದಪ್ಪ ಪೇಪರ್ರು, ಇಟ್ಬಿಟ್ಟೆ" ಎಂದರು ಅಪ್ಪ. "ತಾತನ ಬೆನ್ನಿಗೇ ಆತುಕೊಂಡಿದೀಯಲ್ಲ, ಇನ್ನೇನ್ ಬೇಕು?"

ಅಮ್ಮ ನಕ್ಕರು. ನಾನೂ ನಕ್ಕೆ. ಅಪ್ಪ ಹಾಳೆಯನ್ನು ಮತ್ತೆ ಮಡಚಿ, ಅಲ್ಲೇ ತುರುಕಿ, ಮೊಳೆ ಹೊಡೆದರು.

ಈಗ ನಾನು ಸ್ಕ್ಯಾನರ್ ಗಾಜು ಒರೆಸುವುದನ್ನು ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ. "ಪದ್ಯ ಗಿದ್ಯ ಈಗ ಬರೆಯಲ್ವೇನೋ?" ಎಂದು ಕೇಳಿದರು. "ಅಯ್ಯೋ, ಯಾವತ್ತೋ ಬಿಟ್ಟೆ ಅಪ್ಪ" ಎಂದೆ.

ಸುಳ್ಳು. ಈ ಸ್ಕ್ಯಾನರ್ ತಂದದ್ದೇ ನನ್ನ ಪದ್ಯಗಳನ್ನು ಪತ್ರಿಕೆಗಳಿಗೆ ಕಳಿಸಲು. ಅಚ್ಚಾದ ಒಂದನ್ನೂ ಅಪ್ಪನಿಗೆ ತೋರಿಸಿಲ್ಲ.