ಮೂಗಕ್ಕನ ಮೂಗು ಕೈಕೊಟ್ಟ ವರ್ಷ

ಮಕ್ಕಳೆಲ್ಲ ಅವರನ್ನು ಮೂಗಕ್ಕ ಎನ್ನುತ್ತಿದ್ದರು. ನಮ್ಮ ಆಶ್ರಯಮನೆಯಲ್ಲಿ ಅವರು ಪಾಲಕಿ, ನಾನು ಅಡುಗೆಯವಳು. ಹೆತ್ತವರ ಹತ್ತಿರ ಇರಲಾಗದ, ಮೀಸೆ ಚಿಗುರುವ ವಯಸ್ಸಿನ ಹುಡುಗರು, ಅದೇ ಪ್ರಾಯದ ಹುಡುಗಿಯರು ಅಲ್ಲಿ ಇರುತ್ತಿದ್ದರು. ಅರ್ಧಕ್ಕರ್ಧ ಮಂದಿ ಬಟ್ಟೆಚೀಲದ ಜೊತೆ ಸಿಗರೇಟಿನ ಚಟವನ್ನೂ ಹೊತ್ತುಕೊಂಡೇ ಬರುತ್ತಿದ್ದರು. ಗೋಡೆಗೊಂದು ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಫಲಕ ಹೊಡೆಸಿದ ಮೇಲೆ ಮೇಲಿನವರ ಕೆಲಸ ಮುಗಿಯಿತು. ಫಲಕ ಓದಿ ಚಟ ಬಿಟ್ಟವರನ್ನು ನಾನಂತೂ ಕಂಡಿಲ್ಲ. ಬೈದರೆ ನೀರಿನ ಟ್ಯಾಂಕಿನ ಮೇಲೆ ಹತ್ತಿ ಸೇದುತ್ತಾರೆ, ಮಹಡಿಯ ಬಾಗಿಲಿಗೆ ಬೀಗ ಹಾಕಿದರೆ ಹೊದಿಕೆಯೊಳಗೆ ಸೇದುತ್ತಾರೆ. ಬೀಳುವುದು ವಾಸಿಯೋ ಬೇಯುವುದು ವಾಸಿಯೋ ಎಂದು ತಲೆ ಕೆಡಿಸಿಕೊಳ್ಳುವುದು ಮಾತ್ರ ಮೂಗಕ್ಕನ ಪಾಲಿಗೆ.

ಅವರ ಮೂಗು ಅಂಥದ್ದಾಗಿತ್ತು. ಕೆಳಗಿನ ಮೆಟ್ಟಿಲಲ್ಲಿ ನಿಂತೇ, ಹೊಗೆ ಯಾವ ಕೋಣೆಯಿಂದ ಬಂತೆಂದು ಹೇಳುತ್ತಿದ್ದರು. ಆಮೇಲೆ ಒಂದು ಚಳಿಗಾಲ ಕೆಟ್ಟ ಜ್ವರ ಬಂದು ಹೋಯಿತು. ಒಂದು ದಿನ ಹಿತ್ತಲಲ್ಲಿದ್ದ ನನಗೆ ಹಾಲು ಸೀದ ವಾಸನೆ ಬಡಿದು ಓಡಿಬಂದರೆ, ಮೂಗಕ್ಕ ಒಲೆಗೆ ಬೆನ್ನು ಮಾಡಿ ಕೂತು ನಿಶ್ಚಿಂತೆಯಿಂದ ಟೀ ಕುಡಿಯುತ್ತಿದ್ದಾರೆ.

“ವಾಸನೆ ಬರ್ಲಿಲ್ವಾ ಅಕ್ಕ?”

“ಜ್ವರ ಬಂದಾಗಿಂದ ಏನೂ ಬರ್ತಿಲ್ಲ ಕಣೆ. ಮಕ್ಕಳಿಗೆ ಗೊತ್ತಾಗೋದು ಬೇಡ. ಗೊತ್ತಾದ್ರೆ ನಾಳೆಯಿಂದ ಈ ಮನೇನೇ ಹೊಗೆಗೂಡಾಗುತ್ತೆ.”

ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವರೂ ಮಕ್ಕಳ ಮುಂದೆ ನಾಟಕ ಬಿಟ್ಟುಕೊಡಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹಲ್ಲುಜ್ಜುವವನ ಮುಂದೆ, ಚಳಿಯಲ್ಲಿ ಕಿಟಕಿ ತೆರೆದವಳ ಮುಂದೆ ಹೋಗಿ ಮೂಗರಳಿಸಿ ನಿಂತರೆ ಸಾಕು, ಪೊಟ್ಟಣ ತಾನಾಗಿ ಹೊರಗೆ ಬರುತ್ತಿತ್ತು. ಆದರೆ ಮೂಗು ಮಾಡುತ್ತಿದ್ದ ಕೆಲಸವನ್ನು ಈಗ ಕಾಲು ಮಾಡಬೇಕು. ಮೆಟ್ಟಿಲು ಹತ್ತಿ ಇಳಿದು ಅವರ ಮಂಡಿ ಸೋತುಹೋಯಿತು. ಇಡೀ ದಿನ ಇಲ್ಲಿ ಹೊಗೆ ಹುಡುಕಿ ಮನೆಗೆ ಹೋದರೆ, ಅಲ್ಲಿ ಆ ಹೊಗೆಯೇ ಗಂಡನ ಎದೆಯಲ್ಲಿ ಮಾಡಿಟ್ಟ ಕೆಮ್ಮು ಕಾಯುತ್ತಿತ್ತು. ಪಾಪ ಎನ್ನಿಸುತ್ತಿತ್ತು ನನಗೆ.

ಆಗ ನಮ್ಮಲ್ಲಿ ವಕೀಲಮ್ಮ ಎಂಬ ಹುಡುಗಿ ಇದ್ದಳು. ಯಾವ ನಿಯಮ ಹೇಳಿದರೂ ವಾದಕ್ಕೆ ನಿಲ್ಲುತ್ತಿದ್ದಳಾದ್ದರಿಂದ ಆ ಹೆಸರು. ಅವಳ ಸ್ವಂತ ಅಕ್ಕ ಮದುವೆಯಾಗಿ ಬೇರೆ ಮನೆ ಮಾಡಿದ್ದಳು, ತಂಗಿಯನ್ನು ಕರೆದುಕೊಂಡು ಹೋಗಲು ಸಿದ್ಧಳಿದ್ದಳು. ಒಂದೇ ಷರತ್ತು: ಸಿಗರೇಟು ಪೂರ್ತಿ ಬಿಟ್ಟಿರಬೇಕು. ಅಕ್ಕನ ಕೂಸಿಗೆ ಉಬ್ಬಸ, ಹೊಗೆ ವಾಸನೆಯ ಬಟ್ಟೆ ಹತ್ತಿರ ಬಂದರೂ ಉಸಿರು ಕಟ್ಟುತ್ತಿತ್ತು.

ಮೂಗಕ್ಕ ಟೊಂಕಕಟ್ಟಿ ನಿಂತರು. ಊಟವಾದ ಮೇಲೆ ಸೇದುವ ಚಪಲ ಹೆಚ್ಚೆಂದು, ಆ ಹೊತ್ತಿಗೆ ಹುಡುಗಿಯನ್ನು ಕರೆದುಕೊಂಡು ಕಾಂಪೌಂಡ್ ಸುತ್ತುತ್ತಿದ್ದರು. ಅವಳು ಉದ್ದಕ್ಕೂ ಜಗಳವಾಡುತ್ತಿದ್ದಳು, ಇವರು ಹೂಂಗುಟ್ಟುತ್ತಿದ್ದರು. ಹುಡುಗಿ ಚಟ ಬಿಡುತ್ತಾ ಬಂದಳು. ಕೊನೆಗೆ ಅಕ್ಕ ಬರುವ ದಿನ ಗೊತ್ತಾಯಿತು.

ನಾನು ಟೀ ತೆಗೆದುಕೊಂಡು ಆಫೀಸು ಕೋಣೆಗೆ ಹೋದಾಗ ಮೂವರೂ ಅಲ್ಲಿದ್ದರು. ಕಟ್ಟಿಟ್ಟ ಚೀಲ ಹುಡುಗಿಯ ಕಾಲ ಬಳಿ.

“ಇವಳ ಮಾತು ನಂಬಿ ನನಗೆ ಸಾಕಾಗಿದೆ,” ಎಂದಳು ಅಕ್ಕ. “ನಿಮ್ಮ ಮೂಗಿನ ವಿಷಯ ಎಲ್ರೂ ಹೇಳ್ತಾರೆ. ನೀವು ನೋಡಿ ಹೇಳಿ. ವಾಸನೆ ಇಲ್ಲ ಅಂದ್ರೆ ಈಗ್ಲೇ ಕರ್ಕೊಂಡು ಹೋಗ್ತೀನಿ.”

ಮೂಗಕ್ಕ ಎದ್ದು ಹುಡುಗಿಯ ತಲೆಯ ಹತ್ತಿರ ಬಗ್ಗಿದರು. ಇಲ್ಲ ಅಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಹಾಗೇ ಸ್ವಲ್ಪ ಹೊತ್ತು ಬಗ್ಗಿಕೊಂಡಿದ್ದು ಸೊಂಟ ನೆಟ್ಟಗೆ ಮಾಡಿದರು.

“ನನ್ನ ಮೂಗು ಸತ್ತು ವರ್ಷ ಆಯ್ತಮ್ಮ. ನನಗೇನೂ ಗೊತ್ತಾಗಲ್ಲ. ಉಸಿರಾಡಬೇಕಾದ್ದು ನಿಮ್ಮ ಮಗು, ನೀವೇ ನೋಡಿ.”

ಅಕ್ಕ ತಂಗಿಯ ಕೂದಲಿಗೆ ಮುಖವಿಟ್ಟಳು. ಹಾಗೆ ಹತ್ತಿರ ಎಳೆದುಕೊಂಡದ್ದು ಎಷ್ಟು ಕಾಲದ ಮೇಲೋ ಏನೋ. ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು.

“ಇದೆ,” ಎಂದಳು.

“ನೀನು ಬರ್ತೀಯೋ ಇಲ್ವೋ ಅಂತ ಭಯ ಆಯ್ತು. ಬೆಳಗ್ಗೆ ಒಂದೇ ಒಂದು,” ಎಂದಳು ಹುಡುಗಿ.

“ಮಗು ಸ್ವಲ್ಪ ದೊಡ್ಡದಾಗ್ಲಿ, ಆಮೇಲೆ ನೋಡೋಣ,” ಎಂದು ಕೆನ್ನೆ ಸವರಿ ಅಕ್ಕ ಹೊರಟುಹೋದಳು. ಟೀ ಯಾರೂ ಮುಟ್ಟಲಿಲ್ಲ.

ಸತ್ತ ಮೂಗಿನ ಸುದ್ದಿ ಮನೆಯೆಲ್ಲ ಹಬ್ಬಿತು. ಮರುದಿನವೇ ಹುಡುಗರು ಮೆಟ್ಟಿಲ ಮೇಲೆ ಬಾಲ ಬಿಚ್ಚಿದರು. ಮೂಗಕ್ಕ ಆ ಹೊಗೆಯ ನಡುವೆ ಏನೂ ಗೊತ್ತಾಗದೆ ಹತ್ತಿಹೋಗುವುದನ್ನು ನೋಡಿ ನನಗೆ ಮೈ ಉರಿಯಿತು, ನಿಜ ಹೇಳಿಬಿಟ್ಟ ಅವರ ಮೇಲೂ ಉರಿಯಿತು. ವಕೀಲಮ್ಮ ಅಡುಗೆಮನೆಗೇ ಬಂದು ಮೂಗಕ್ಕನ ಜೊತೆ ವಾದಕ್ಕೆ ನಿಂತಳು.

“ಇಲ್ಲ ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಹೋಗ್ತಿರಲಿಲ್ಲ. ಆ ಕೂಸು ಒಂದು ದಿನ ಉಸಿರು ಕಟ್ಟಿ ನೀಲಿಯಾದ್ರೆ ನಿಮ್ಮಕ್ಕ ನಿನ್ನ ಮುಖ ಇನ್ನೊಂದು ಸಲ ನೋಡ್ತಿರಲಿಲ್ಲ.”

“ಇನ್ನು ನಾನು ಎಷ್ಟು ಸೇದಿದ್ರೂ ನಿಮಗೆ ಗೊತ್ತಾಗಲ್ಲ.”

“ಗೊತ್ತಾಗಲ್ಲ,” ಎಂದರು ಮೂಗಕ್ಕ. “ನೀನಾಗಿ ಹೇಳಿದ್ರೆ ಗೊತ್ತಾಗುತ್ತೆ.”

ಹುಡುಗಿ ದಡದಡ ಮೇಲೆ ಹೋದಳು. ಅವತ್ತಿಂದ ಮಾತು ಬಿಟ್ಟಳು, ಸುತ್ತುವುದಕ್ಕೂ ಬರಲಿಲ್ಲ. ಊಟದ ಹೊತ್ತಿಗೆ ಮೂಗಕ್ಕ ಬಡಿಸಿದರೆ ತಟ್ಟೆ ತಿರುಗಿಸಿಕೊಳ್ಳುತ್ತಿದ್ದಳು. ಮೂಗಕ್ಕ ಅದನ್ನೂ ಹೊಟ್ಟೆಗೆ ಹಾಕಿಕೊಂಡರು, ಅಥವಾ ಬೇಸರಪಡಲೂ ಅವರಿಗೆ ತ್ರಾಣವಿರಲಿಲ್ಲ.

ಆಮೇಲೊಂದು ಸಂಜೆ ಅವರು ನನ್ನ ಅಡುಗೆಮನೆಯಲ್ಲಿ ಬಿಸಿನೀರಿನ ಬೋಗುಣಿಗೆ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ವಕೀಲಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು. ಏನೋ ಜಗಳಕ್ಕೇ ಬಂದಳೆಂದು ನಾನು ಸೌಟು ಕೆಳಗಿಟ್ಟೆ.

“ಇವತ್ತು ಮೂರು,” ಎಂದಳು.

ಮೂಗಕ್ಕ ಕಣ್ಣು ತೆರೆದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಒದ್ದೆಗಾಲಿನಿಂದಲೇ ಪಕ್ಕದ ಸ್ಟೂಲನ್ನು ಅವಳ ಕಡೆ ತಳ್ಳಿ, “ಮೊದಲನೇದು ಯಾಕೆ ಹಚ್ಚಿದೆ, ಹೇಳು,” ಎಂದರು. ವಕೀಲಮ್ಮ ಯಾವ ವಾದವನ್ನೂ ಹೂಡದೆ ಕೂತು ಹೇಳತೊಡಗಿದಳು.