ಮಿಂಚುರಾಯರ ಸಿಂಗಾರ
ವಠಾರದವರು ಅವರಿಗೆ ಮಿಂಚುರಾಯರು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎಣ್ಣೆ ಸವರಿ ಬಾಚಿದ ಆ ತಲೆಯ ಮೇಲೆ ನೊಣ ಕೂತರೂ ಜಾರಿ ಬೀಳಬೇಕು. ನಲ್ಲಿಯ ಬಳಿ ಪಾತ್ರೆ ತೊಳೆಯುವ ಎದುರುಮನೆಯಾಕೆಗೆ ದಿನವೂ ಅವರ ಕಿಟಕಿಯಲ್ಲಿ ಅದೇ ನೋಟ: ಕೆನ್ನೆಗೆ ಎರಡೆರಡು ಸಲ ರೇಜರ್, ಅದರ ಮೇಲೆ ಗೋಡೆಗೆ ಸುಣ್ಣ ಬಳಿದಂತೆ ಕ್ರೀಮು, ಗೆರೆ ಎಳೆದಂಥ ಬೈತಲೆ, ಎಂಥ ಸೆಕೆಯಲ್ಲೂ ಕತ್ತಿನ ತನಕ ಹಾಕಿದ ಗುಂಡಿ. ಇಷ್ಟೆಲ್ಲ ಮಾಡಿ ಹೋಗುವುದು ಗೋದಾಮಿಗೆ, ಮೂಟೆ ಇಳಿಸಿಕೊಳ್ಳಲು! "ಆ ಮೂಟೆಗಳೇನು ನಿಮಗೆ ಹೆಣ್ಣು ಕೊಡ್ತಾವಾ ರಾಯರೇ?" ಎಂದು ಕೇಳಿದರೆ, "ಮುಖ ಒರಟಾಗಬಾರದಮ್ಮ" ಎಂದಷ್ಟೇ ಹೇಳಿ ನಗುವರು. ಕುತೂಹಲ ತಡೆಯಲಾರದೆ ಆಕೆ ಒಂದು ಬೆಳಿಗ್ಗೆ ಸೂಜಿ ಕೇಳುವ ನೆಪದಲ್ಲಿ ಒಳಗೇ ಹೋದಳು. ರಾಯರು ಹೆಂಡತಿಯ ಮುಂದೆ ಮಂಡಿಯೂರಿ ಕೂತಿದ್ದರು. ಮದುವೆಯಾದ ಹೊಸತರಲ್ಲೇ ಕಣ್ಣು ಕಳೆದುಕೊಂಡ ಆ ಹೆಂಗಸಿನ ಬೆರಳು ರಾಯರ ಬೈತಲೆ, ಹಣೆ, ಕೆನ್ನೆ ಸವರುತ್ತ ಇಳಿಯಿತು. "ಅವತ್ತು ನೋಡಿದ ಮುಖಾನೇ ಕಣ್ರೀ, ಒಂಚೂರೂ ಬದಲಾಗಿಲ್ಲ" ಎಂದರು. ರಾಯರು ಮದುಮಗನಂತೆ ನಾಚಿದರು. ಅವಸರದಲ್ಲಿ ಅಂದು ಮೇಲಿನ ಗುಂಡಿ ಹಾಕಲು ಮರೆತಿದ್ದರು. ಬೆರಳು ಕತ್ತಿನ ಜೋತುಬಿದ್ದ ತೊಗಲಿಗೆ ತಾಗಿ ಒಂದು ಗಳಿಗೆ ನಿಂತಿತು. ಹೆಂಡತಿ ತಡಕಾಡಿ ಆ ಗುಂಡಿಯನ್ನು ತಾವೇ ಹಾಕಿ, "ಹೊರಡಿ, ಹೊತ್ತಾಯ್ತು" ಎಂದರು.